ರೆಫ್ರಿ ಯಾಕೆ ಚೆಂಡು ನೋಡುವುದಿಲ್ಲ?

ಕೊಡಗಿನಲ್ಲಿ ಬ್ಯಾಸ್ಕೆಟ್‌ಬಾಲ್ ರೆಫ್ರಿ ಆದವನಿಗೆ ಒಂದು ಕಷ್ಟ ಇದೆ. ಕೋರ್ಟಿನ ಸುತ್ತ ನಿಂತವರೆಲ್ಲ ಹಾಕಿ ನೋಡಿ ಬೆಳೆದವರು. ನಾನು ವಿಸಿಲ್ ಬಾಯಿಗಿಡುವ ಮೊದಲೇ ತೀರ್ಪು ಕೊಟ್ಟಿರುತ್ತಾರೆ. ಹಾಕಿ ಕಣ್ಣು ಚುರುಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದು ಚೆಂಡಿನ ಹಿಂದೆಯೇ ಓಡುತ್ತದೆ. ನಮಗೆ ಬೇಕಾದ್ದು ಡಿಫೆಂಡರ್‌ನ ಕಾಲು ಮತ್ತು ಎದೆ.

ನಾನು ಇದನ್ನು ಕಲಿತದ್ದು ತಪ್ಪು ಮಾಡಿಯೇ. ಪೊನ್ನಂಪೇಟೆ ಕಡೆಯ ಒಂದು ಸಿಮೆಂಟ್ ಕೋರ್ಟ್. ರಾತ್ರಿಯೆಲ್ಲ ಮಳೆ, ಮೂಲೆಯಲ್ಲಿ ಪಾಚಿ. ಕೊನೆಯ ಕ್ವಾರ್ಟರ್‌ನಲ್ಲಿ ಒಬ್ಬ ಹುಡುಗ ಡ್ರಿಬಲ್ ಮಾಡುತ್ತ ನುಗ್ಗಿ ಹಾರಿದ. ಎದುರಿದ್ದವನು ಧಡ್ ಅಂತ ಅಂಗಾತ ಬಿದ್ದ. ಚೆಂಡು ಬುಟ್ಟಿಯೊಳಗೆ ಹೋಯಿತು. ನನ್ನ ಕಣ್ಣೂ ಅದರ ಜೊತೆಗೇ ಹೋಗಿತ್ತು. ಬಿದ್ದವನನ್ನು ನೋಡಿ ಮುಷ್ಟಿ ಎತ್ತಿದೆ, ಅಂಗೈಗೆ ಗುದ್ದಿ ಚಾರ್ಜಿಂಗ್, ಅಂದರೆ ನುಗ್ಗಿದವನದೇ ತಪ್ಪು, ಅಂತ ತೋರಿಸಿದೆ, ಬಾಸ್ಕೆಟ್ ರದ್ದು ಮಾಡಿದೆ. ಆಟ ಮುಗಿದ ಮೇಲೆ ಬಿದ್ದ ಹುಡುಗನೇ ನೀರು ಕುಡಿಯುತ್ತ ಬಂದು ನಕ್ಕ: "ಸರ್, ನಾನು ಲೇಟಾಗಿ ಬಂದೆ ಅಲ್ವಾ?"

ಹೌದು, ಲೇಟಾಗಿ ಬಂದಿದ್ದ. ಅದು ಬ್ಲಾಕಿಂಗ್, ಅಡ್ಡ ಬಂದವನ ತಪ್ಪು. ಸೊಂಟದ ಮೇಲೆ ಎರಡೂ ಕೈ ಇಟ್ಟು ತೋರಿಸಬೇಕಿತ್ತು. ಬಾಸ್ಕೆಟ್‌ನ ಎರಡು ಅಂಕ, ಮೇಲೊಂದು ಫ್ರೀ ಥ್ರೋ, ಅಂದರೆ ಯಾರೂ ಅಡ್ಡ ಬಾರದ ಎಸೆತ.

ಅಂತಾರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಸಂಸ್ಥೆ ಫೀಬಾದ ನಿಯಮದಲ್ಲಿ ಡಿಫೆಂಡರ್ ಎದುರಾಳಿಗೆ ಮುಖ ಮಾಡಿ, ಎರಡೂ ಕಾಲು ನೆಲಕ್ಕೂರಿದರೆ ಜಾಗ ಅವನದು. ಆಮೇಲೆ ಕಂಬದ ಹಾಗೆ ನಿಂತಿರಬೇಕು ಅನ್ನುವುದು ಸುಳ್ಳು. ಆ ಜಾಗ ಉಳಿಸಿಕೊಳ್ಳಲು ಪಕ್ಕಕ್ಕೆ, ಹಿಂದಕ್ಕೆ ಸರಿಯಬಹುದು. ಅವನ ಎದೆಗೆ ಬಂದು ಗುದ್ದಿದರೆ ತಪ್ಪು ಗುದ್ದಿದವನದು. ಆದರೆ ಎದುರಾಳಿ ಗಾಳಿಯಲ್ಲಿದ್ದರೆ, ಅವನ ಕಾಲು ನೆಲ ಬಿಡುವ ಮೊದಲೇ ಡಿಫೆಂಡರ್ ಅಲ್ಲಿ ಇರಬೇಕು. ನಾನು ಎಡವಿದ್ದು ಇಲ್ಲೇ.

ತಲೆಯ ಮೇಲಿನ ಗಾಳಿಯೂ ಜಾಗವೇ. ಕೈ ಮೇಲೆತ್ತಿ ನೇರ ಹಾರಿದವನಿಗೆ ಶೂಟರ್ ಬಂದು ತಾಗಿದರೆ ಡಿಫೆಂಡರ್‌ಗೆ ಫೌಲ್ ಇಲ್ಲ. ಅದೇ ಕೈ ಮುಂದಕ್ಕೆ ಬಾಗಿ ಶೂಟರ್ ಮೇಲೆ ಬಿದ್ದರೆ ಫೌಲ್. ತೋಟದ ಬೇಲಿ ದಾಟಿ ಪಕ್ಕದವರ ಕಡೆಗೆ ಕೊಂಬೆ ಚಾಚಿದ ಹಾಗೆ. 'ಟಪ್' ಅಂತ ಸದ್ದಾಯಿತು ಅಂತ ಸುಮ್ನೆ ವಿಸಿಲ್ ಊದಲು ಆಗುವುದಿಲ್ಲ.

ಲೆಕ್ಕ ಸುಲಭ. ಐದು ಫೌಲ್ ಆದರೆ ಆಟಗಾರ ಹೊರಗೆ. 10 ನಿಮಿಷದ ಒಂದು ಕ್ವಾರ್ಟರ್‌ನಲ್ಲಿ ತಂಡದ ಫೌಲ್ ನಾಲ್ಕು ದಾಟಿದರೆ, ಶೂಟ್ ಮಾಡದವನನ್ನು ಡಿಫೆಂಡರ್ ತಳ್ಳಿದರೂ ಎರಡು ಫ್ರೀ ಥ್ರೋ. ಇದನ್ನು ಕೋರ್ಟಿನ ಪಕ್ಕ ಲೆಕ್ಕ ಬರೆಯುವ ಟೇಬಲ್‌ನವರು ನೋಡಿಕೊಳ್ಳುತ್ತಾರೆ.

ಈಗ ಬುಟ್ಟಿಯ ಕೆಳಗೆ ನಿಂತಾಗ ಚೆಂಡು ಒಳಗೆ ಹೋಯಿತಾ ಇಲ್ಲವಾ ಅಂತ ಎಷ್ಟೋ ಸಲ ನನಗೇ ಗೊತ್ತಿರುವುದಿಲ್ಲ. ಹಿಂದೆ ನಿಂತ ಜೊತೆ ರೆಫ್ರಿಯನ್ನು ಕೇಳುತ್ತೇನೆ. ಸುತ್ತ ನಿಂತವರು ನಗುತ್ತಾರೆ.