ಬಾನೆಟ್ ಮುಚ್ಚದ ಜೀಪು

ಇಂಜಿನ್ ಕೂತಿತು, ಬಾನೆಟ್ ಮುಚ್ಚಲಿಲ್ಲ. ಎರಡು ಬೆರಳಷ್ಟು ಸಂದಿ ಹಾಗೇ ಉಳಿಯಿತು.

ಉಡುಪಿಯ ಗ್ಯಾರೇಜಿನಲ್ಲಿ ಜೀಪಿನ ಮುಂದೆ ಮೂವರು ನಿಂತಿದ್ದೆವು: ಮೆಕ್ಯಾನಿಕ್, ನನ್ನ ದೊಡ್ಡಪ್ಪನ ಮಗ, ನಾನು. ಜೀಪು ದೊಡ್ಡಪ್ಪನದು. 1968ರದ್ದು. ಹೆಬ್ರಿಯ ತೋಟದಲ್ಲಿ ಸೊಪ್ಪು, ಗೊಬ್ಬರ, ಅಡಿಕೆ, ಮದುವೆ ದಿಬ್ಬಣ ಎಲ್ಲವನ್ನೂ ಹೊತ್ತು ಹಣ್ಣಾಗಿತ್ತು. "ಅಣ್ಣ, ಇದಕ್ಕೆ ಪಿಕಪ್ಪೇ ಇಲ್ಲ, ಘಾಟಿಯಲ್ಲಿ ಲಾರಿಗಳೂ ಹಿಂದೆ ಹಾಕಿ ಹೋಗ್ತವೆ" ಅಂತ ತಮ್ಮನ ದೂರು. ಅಪಘಾತವಾಗಿ ಗುಜರಿ ಸೇರಿದ್ದ ಹಳೆ ಥಾರ್ ಒಂದರ ಡೀಸೆಲ್ ಇಂಜಿನ್ ಅವನಿಗೆ ಸಿಕ್ಕಿತು, ಗೇರ್‌ಬಾಕ್ಸ್ ಸಮೇತ. ಅದನ್ನು ಇದಕ್ಕೆ ಕೂರಿಸಿದರಾಯಿತು ಅಂದುಕೊಂಡ. ನಾನು ಫಿಸಿಕ್ಸ್ ಮಾಷ್ಟ್ರು ಅನ್ನುವ ಒಂದೇ ಕಾರಣಕ್ಕೆ ನನ್ನನ್ನೂ ಎಳೆದುಕೊಂಡು ಬಂದಿದ್ದ.

"ಬಾನೆಟ್ ಸ್ವಲ್ಪ ಏರಿಸ್ಬೇಕು ಮಾಷ್ಟ್ರೆ, ಬೇರೆ ದಾರಿ ಇಲ್ಲ" ಎಂದರು ಮೆಕ್ಯಾನಿಕ್.

ನನಗೆ ನಗು ಬಂತು. ಯಾಕೆಂದರೆ ಈ ಜೀಪಿನ ಬಾನೆಟ್ ಒಮ್ಮೆ ಆಗಲೇ ಏರಿದ್ದು. ಎರಡನೇ ಮಹಾಯುದ್ಧದ ವಿಲ್ಲಿಸ್ ಜೀಪಿನ ಚಿತ್ರ ನೋಡಿ, ಬಾನೆಟ್ ತಗ್ಗಿನಲ್ಲಿ ಚಪ್ಪಟೆಯಾಗಿರುತ್ತದೆ. ಅದರ 2.2 ಲೀಟರ್ ಇಂಜಿನ್ನಿನಲ್ಲಿ ವಾಲ್ವುಗಳೆಲ್ಲ ಸಿಲಿಂಡರಿನ ಪಕ್ಕದಲ್ಲಿ, ಬ್ಲಾಕಿನೊಳಗೇ ಇದ್ದವು. ಗಾಳಿ ಒಳಗೆ ಹೋಗಬೇಕಾದರೆ ಪಕ್ಕದಿಂದ ಸುತ್ತಿಕೊಂಡು ಬರಬೇಕು. ಇದರಿಂದ ಶಕ್ತಿ 60 ಎಚ್‌ಪಿಗೇ ನಿಲ್ಲುತ್ತಿತ್ತು. ಆಮೇಲೆ ಬಂದ ಹರಿಕೇನ್ ಇಂಜಿನ್ನಿನಲ್ಲಿ ಗಾಳಿ ಎಳೆಯುವ ವಾಲ್ವನ್ನು ಮಾತ್ರ ಸಿಲಿಂಡರಿನ ತಲೆಯ ಮೇಲೆ ತಂದರು. ಅದೇ 2.2 ಲೀಟರಿಗೆ ಸುಮಾರು 75 ಎಚ್‌ಪಿ ಬಂತು. ಆದರೆ ಇಂಜಿನ್ ಎತ್ತರವಾಯಿತು, ಹಳೆ ಬಾನೆಟ್ ಸಾಲಲಿಲ್ಲ. 1953ರಲ್ಲಿ ಮುಂದಿನ ಗ್ರಿಲ್ಲನ್ನೂ ಬಾನೆಟ್ಟನ್ನೂ ಎತ್ತರಿಸಿ ಸಿಜೆ-3ಬಿ ಅಂತ ಹೆಸರಿಟ್ಟು ಮಾರಿದರು. ಮಹೀಂದ್ರಾ ದಶಕಗಳ ಕಾಲ ನಮ್ಮಲ್ಲಿ ಮಾಡಿದ್ದು ಇದನ್ನೇ. ನಮ್ಮ ಕಣ್ಣಿಗೆ ಜೀಪು ಅಂದರೆ ಹೀಗೇ ಇರಬೇಕು ಅನ್ನಿಸುವ ಆ ಎತ್ತರದ ಮುಖ ಕಾರ್ಖಾನೆಯವರೇ ಮಾಡಿದ ಇಂಜಿನ್ ಬದಲಾವಣೆಯ ಗುರುತು. ತಮ್ಮನಿಗೆ ಇದನ್ನು ಹೇಳಿದೆ. ಅವನಿಗೆ ದೊಡ್ಡ ಸಮಾಧಾನವಾಯಿತು.

ಈಗ ಲೆಕ್ಕಕ್ಕೆ ಬರೋಣ. ಹೊಸ ಇಂಜಿನ್ 2.5 ಲೀಟರಿನದು, 105 ಎಚ್‌ಪಿ. ಅದಕ್ಕಿಂತ ಮುಖ್ಯವಾದದ್ದು ಟಾರ್ಕ್, ಅಂದರೆ ತಿರುಚುವ ಬಲ. ಹಳೆಯದು ಸುಮಾರು 155 ನ್ಯೂಟನ್ ಮೀಟರ್, ಹೊಸದು 247. ಇಂಜಿನ್ ಕೊಟ್ಟ ಈ ಬಲ ಚಕ್ರಕ್ಕೆ ಮುಟ್ಟುವ ಮೊದಲು ಮೂರು ಕಡೆ ಹೆಚ್ಚುತ್ತದೆ. ಹಳೆ ಜೀಪಿನ ಗೇರ್‌ಬಾಕ್ಸಿನ ಮೊದಲ ಗೇರಿನಲ್ಲಿ 2.8 ಪಟ್ಟು. ಟ್ರಾನ್ಸ್‌ಫರ್ ಕೇಸಿನ (ಶಕ್ತಿಯನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಪೆಟ್ಟಿಗೆ) ಲೋ ಗೇರಿನಲ್ಲಿ 2.46 ಪಟ್ಟು. ಕೊನೆಗೆ ಆಕ್ಸಲ್ಲಿನ ಕ್ರೌನ್ ಪಿನಿಯನ್ ಅನ್ನುವ ಗೇರು ಜೋಡಿಯಲ್ಲಿ 5.38 ಪಟ್ಟು. ಗುಣಿಸಿದರೆ 37. ಇಂಜಿನ್ 37 ಸುತ್ತು ಸುತ್ತಿದರೆ ಚಕ್ರ ಒಂದು ಸುತ್ತು. 155ನ್ನು 37ರಿಂದ ಗುಣಿಸಿ, ದಾರಿಯಲ್ಲಿ ಗೇರುಗಳು ತಿನ್ನುವ ಐದನೇ ಒಂದು ಪಾಲು ಕಳೆದರೆ ಚಕ್ರಗಳ ಹತ್ತಿರ 4,500 ನ್ಯೂಟನ್ ಮೀಟರ್ ಉಳಿಯುತ್ತದೆ.

ಇದು ಜಾಸ್ತಿಯೋ ಕಮ್ಮಿಯೋ? ಅದನ್ನು ಹೇಳಬೇಕಾದದ್ದು ಇಂಜಿನ್ ಅಲ್ಲ, ಮಣ್ಣು. ಜನ ಕೂತಮೇಲೆ ಜೀಪಿನ ತೂಕ 1,500 ಕಿಲೋ ಅಂತಿಟ್ಟುಕೊಳ್ಳಿ. ಒದ್ದೆ ಮಣ್ಣಿನ ಮೇಲೆ ಟಯರಿನ ಹಿಡಿತ ತೂಕದ 0.4 ಪಾಲು ಅನ್ನೋಣ, ಇದೂ ಸ್ವಲ್ಪ ಧಾರಾಳವೇ. ಚಕ್ರದ ನಡುವಿನಿಂದ ನೆಲಕ್ಕೆ 35 ಸೆಂಟಿಮೀಟರ್. ಈ ಲೆಕ್ಕದಲ್ಲಿ ಟಯರು ಜಾರದೆ ನೆಲಕ್ಕೆ ಕೊಡಬಹುದಾದ ಟಾರ್ಕ್ ಸುಮಾರು 2,000 ನ್ಯೂಟನ್ ಮೀಟರ್ ಮಾತ್ರ.

ಅಂದರೆ ಹಳೆ ಪೆಟ್ರೋಲ್ ಇಂಜಿನ್ನೇ ಕೆಸರಿಗೆ ಬೇಕಾದದ್ದರ ಎರಡು ಪಟ್ಟು ಕೊಡುತ್ತಿತ್ತು! ಹೊಸ ಗೇರ್‌ಬಾಕ್ಸಿನ ಮೊದಲ ಗೇರ್ ಸುಮಾರು 4 ಪಟ್ಟು. ಹೊಸ ಇಂಜಿನ್ನಿನ ಲೆಕ್ಕ 10,000 ದಾಟುತ್ತದೆ. ಅದರಲ್ಲಿ 8,000 ಸುಮ್ನೆ. ಮಳೆಗಾಲದಲ್ಲಿ ಪಾಚಿ ಕಟ್ಟಿದ ಅಂಗಳದಲ್ಲಿ ಮಗುವೂ ಜಾರುತ್ತದೆ, ಪೈಲ್ವಾನನೂ ಜಾರುತ್ತಾನೆ ಅಲ್ವಾ? ಹಾಗೆ. ಹಿಡಿತ 0.4 ಇರುವ ಜಾಗದಲ್ಲಿ 22 ಡಿಗ್ರಿಗಿಂತ ಕಡಿದಾದ ಏರನ್ನು ಯಾವ ಇಂಜಿನ್ನೂ ಹತ್ತಿಸಲಾರದು, ವಿಮಾನದ ಇಂಜಿನ್ ತಂದು ಚಕ್ರಕ್ಕೆ ಕಟ್ಟಿದರೂ.

ಕೊಲ್ಲೂರಿನಿಂದ ಕೊಡಚಾದ್ರಿಗೆ ಜೀಪಿನಲ್ಲಿ ಹೋದವರಿಗೆ ಇದು ಮೈಗೆ ಗೊತ್ತಿರುತ್ತದೆ. ಅಲ್ಲಿ ಡ್ರೈವರುಗಳು ಆಕ್ಸಿಲರೇಟರ್ ಒತ್ತಿ ಹಾರಿಸುವುದಿಲ್ಲ. ಕಲ್ಲಿನಿಂದ ಕಲ್ಲಿಗೆ ನಿಧಾನ ಇಳಿಸಿ ಹತ್ತಿಸುತ್ತಾರೆ. ದೊಡ್ಡಪ್ಪನ ಜೀಪು ಲೋ ಗೇರಿನಲ್ಲಿ ಐಡ್ಲಿಂಗಿಗೆ ಬಿಟ್ಟರೆ ಗಂಟೆಗೆ 3 ಕಿಲೋಮೀಟರಿಗಿಂತ ಕಡಿಮೆ ವೇಗದಲ್ಲಿ ತೆವಳುತ್ತಿತ್ತು. ಪಕ್ಕದಲ್ಲಿ ನಡೆಯುತ್ತಾ ಎಲೆಅಡಿಕೆ ಹಾಕಿಕೊಳ್ಳಬಹುದು.

ಲೆಕ್ಕ ತಮ್ಮನಿಗೆ ರುಚಿಸಲಿಲ್ಲ. ಜೀಪು ತಯಾರಾದ ಮೇಲೆ, ಜೂನ್ ಕೊನೆಯಲ್ಲಿ, ತೋಟದ ಹಿಂದಿನ ಏರಿನಲ್ಲಿ ಪರೀಕ್ಷೆ ಇಟ್ಟ. ಪಕ್ಕದ ಮನೆಯವರ ಹತ್ತಿರವೂ ಇಂಥದ್ದೇ ಜೀಪು ಇದೆ, ಹಳೆ ಪೆಟ್ರೋಲ್ ಇಂಜಿನ್ನಿನದು, ಟಯರು ಹೆಚ್ಚುಕಮ್ಮಿ ನಮ್ಮಂಥದ್ದೇ. ಮೊದಲು ಅವರು ಹೋದರು. ಎರಡನೇ ತಿರುವಿನಲ್ಲಿ, ಹಲಸಿನ ಮರದ ಕೆಳಗೆ ಹೂತುಕೊಂಡರು. ಎಳೆದು ತೆಗೆದೆವು. ಆಮೇಲೆ ತಮ್ಮ ಹೋದ. ಅದೇ ಹಲಸಿನ ಮರದ ಕೆಳಗೆ ಹೂತುಕೊಂಡ. ವ್ಯತ್ಯಾಸ ಇಷ್ಟೇ, ಅವನ ಚಕ್ರಗಳು ಜೋರಾಗಿ ತಿರುಗಿ ಇನ್ನೂ ನಾಲ್ಕು ಬೆರಳು ಆಳಕ್ಕೆ ಇಳಿದಿದ್ದವು. ದೊಡ್ಡಪ್ಪ ಏನೂ ಹೇಳದೆ ಎರಡು ಅಡಿಕೆ ಸೋಗೆ ತಂದು ಚಕ್ರದಡಿ ತುರುಕಿದರು. ನಾನು ಟಯರಿನ ಗಾಳಿ ಅರ್ಧಕ್ಕೆ ಇಳಿಸಿದೆ. ಗಾಳಿ ಕಮ್ಮಿಯಾದರೆ ಟಯರು ಚಪ್ಪಟೆಯಾಗಿ ಹೆಚ್ಚು ಜಾಗ ತಬ್ಬಿಕೊಳ್ಳುತ್ತದೆ, ಮಣ್ಣಿನೊಳಗೆ ಇಳಿಯುವುದು ತಗ್ಗುತ್ತದೆ. ಜೀಪು ಹೊರಗೆ ಬಂತು. ಇಂಜಿನ್ ಬದಲಿಸಲು ತಿಂಗಳುಗಟ್ಟಲೆ ಹಿಡಿದಿತ್ತು, ಗಾಳಿ ಬಿಡಲು ಹತ್ತು ನಿಮಿಷ.

ಹಾಗಾದರೆ ಹೊಸ ಇಂಜಿನ್ ದಂಡವೇ? ಅಲ್ಲ. ಅದರ ಕೆಲಸ ಇರುವುದು ಡಾಂಬರಿನ ಮೇಲೆ. ಈ ಜೀಪಿನ ಚಕ್ರ ಒಂದು ಸುತ್ತಿಗೆ ಸುಮಾರು 2.2 ಮೀಟರ್ ಹೋಗುತ್ತದೆ. ಗಂಟೆಗೆ 80 ಕಿಲೋಮೀಟರಿನಲ್ಲಿ ಚಕ್ರ ನಿಮಿಷಕ್ಕೆ 600 ಸುತ್ತು. ಹಳೆಯದರಲ್ಲಿ ಕೊನೆಯ ಗೇರಿಗೂ ಆಕ್ಸಲ್ಲಿನ 5.38 ತಪ್ಪಿದ್ದಲ್ಲ. ಇಂಜಿನ್ 3,200 ಸುತ್ತು ಸುತ್ತಬೇಕು. ಅಷ್ಟರಲ್ಲಿ ಪಕ್ಕದಲ್ಲಿ ಕೂತವರ ಮಾತು ಕೇಳಿಸುವುದಿಲ್ಲ. ಐದು ಗೇರಿನ ಬಾಕ್ಸ್ ಹಾಕಿ, ಕ್ರೌನ್ ಪಿನಿಯನ್ ಸುಮಾರು 4ರದ್ದು ಮಾಡಿದರೆ ಅದೇ ವೇಗಕ್ಕೆ ಸುಮಾರು 2,000 ಸುತ್ತು ಸಾಕು. ಶಿರಾಡಿಯಂಥ ಘಾಟಿಯಲ್ಲಿ, 100 ಮೀಟರಿಗೆ 8 ಮೀಟರ್ ಏರುವ ರಸ್ತೆಯಲ್ಲಿ 50ರ ವೇಗ ಬೇಕಾದರೆ ಚಕ್ರಗಳಿಗೆ 23 ಕಿಲೋವ್ಯಾಟ್ ಆಸುಪಾಸು ಶಕ್ತಿ ಬೇಕು. ಹರಿಕೇನ್ ಹೊಸದಾಗಿದ್ದಾಗ ಟಾಪ್ ಗೇರಿನಲ್ಲಿ ಇಷ್ಟನ್ನು ಹೇಗೋ ಕೊಡುತ್ತಿತ್ತು. ಸಿಲಿಂಡರ್ ಸವೆದು ಕಂಪ್ರೆಷನ್ ಹೋದಮೇಲೆ ಎಲ್ಲಿಂದ ಕೊಡಬೇಕು? ಹೊಸ ಡೀಸೆಲ್ಲಿಗೆ ಇದು ಅರ್ಧ ಕೆಲಸ.

ಆದರೆ ಕೆಸರಿನಲ್ಲಿ ದಂಡವಾದ ಆ 8,000 ಇತ್ತಲ್ಲ, ಅದು ಸುಮ್ಮನೆ ಕೂರುವುದಿಲ್ಲ. ಹಿಡಿತ ಇರುವ ಕಡೆ, ಒಣ ಬಂಡೆಯ ಸಂದಿಯಲ್ಲಿ ಒಂದು ಚಕ್ರ ಸಿಕ್ಕಿಬಿದ್ದಾಗ, ಅದು ಹಾದಿಯಲ್ಲಿ ಯಾರು ದುರ್ಬಲರು ಅಂತ ಹುಡುಕುತ್ತದೆ. ಸಾಮಾನ್ಯವಾಗಿ ಸಿಗುವುದು ಹಿಂದಿನ ಆಕ್ಸಲ್ ಶಾಫ್ಟ್. "ಹಳೆ ಶಾಫ್ಟು ಹಪ್ಪಳ ಮಾಷ್ಟ್ರೆ" ಅಂದರು ಮೆಕ್ಯಾನಿಕ್.

ನಮಗೆ ನಿಜವಾಗಿ ಕಾಟ ಕೊಟ್ಟದ್ದು ಮಾತ್ರ ಒಂದು ಕಬ್ಬಿಣದ ತಟ್ಟೆ. ಹೊಸ ಗೇರ್‌ಬಾಕ್ಸಿಗೂ ಹಳೆ ಟ್ರಾನ್ಸ್‌ಫರ್ ಕೇಸಿಗೂ ಬೋಲ್ಟಿನ ತೂತುಗಳು ತಾಳೆಯಾಗುವುದಿಲ್ಲ. ನಡುವೆ ಅಡಾಪ್ಟರ್ ಪ್ಲೇಟ್ ಬೇಕು. ಒಂದು ಲೇತಿನಲ್ಲಿ ಮಾಡಿಸಿದೆವು, ಯಾವುದು ಅನ್ನುವುದು ಬೇಡ. ನೋಡಲು ಚೆಂದವಿತ್ತು. ಓಡಿಸಿದ ನಾಲ್ಕೇ ದಿನಕ್ಕೆ ಬೇರಿಂಗಿನಿಂದ ಗುಂಯ್ ಅಂತ ಸದ್ದು, ಸೀಲಿನಿಂದ ಎಣ್ಣೆ. ಮೆಕ್ಯಾನಿಕ್ ಎಲ್ಲ ಬಿಚ್ಚಿ, ಶಾಫ್ಟಿಗೆ ಡಯಲ್ ಗೇಜ್ (ಕೂದಲೆಳೆಯ ವ್ಯತ್ಯಾಸವನ್ನೂ ಮುಳ್ಳಿನಲ್ಲಿ ತೋರಿಸುವ ಅಳತೆಗೋಲು) ಕಟ್ಟಿ, ಅದರ ಕಡ್ಡಿಯ ತುದಿಯನ್ನು ಪ್ಲೇಟಿನ ನಡುವಿನ ತೂತಿನ ಅಂಚಿಗೆ ತಾಗಿಸಿ ಕೈಯಲ್ಲಿ ನಿಧಾನ ತಿರುಗಿಸಿದರು. ಮುಳ್ಳು ಒಂದು ಕಡೆ ಏರಿತು, ಎದುರು ಕಡೆ ಇಳಿಯಿತು. ಏರಿಗೂ ಇಳಿತಕ್ಕೂ ನಡುವೆ 0.8 ಮಿಲಿಮೀಟರ್. ಅಂದರೆ ನಡು 0.4 ಮಿಲಿಮೀಟರ್ ಸರಿದಿದೆ. ಉಗುರಿನ ದಪ್ಪವೂ ಇಲ್ಲ. ಆದರೆ ಎರಡು ಶಾಫ್ಟುಗಳನ್ನು ಒಂದೇ ಗೆರೆಯಲ್ಲಿ ಇಲ್ಲದೆ ಕಟ್ಟಿದರೆ ಪ್ರತಿ ಸುತ್ತಿಗೂ ಒಂದು ಇನ್ನೊಂದನ್ನು ಬಗ್ಗಿಸುತ್ತದೆ, ನಿಮಿಷಕ್ಕೆ ಎರಡು ಸಾವಿರ ಸಲ. ಬೇರಿಂಗ್ ಅಳದೆ ಇನ್ನೇನು ಮಾಡುತ್ತದೆ?

ಪ್ಲೇಟ್ ಬದಲಾಯಿತು, ನಡುಕ ಹೋಗಲಿಲ್ಲ. ಅದರ ಕಾರಣ ಬೇರೆ. ಹೊಸ ಗೇರ್‌ಬಾಕ್ಸ್ ಹಳೆಯದಕ್ಕಿಂತ ಉದ್ದ. ಟ್ರಾನ್ಸ್‌ಫರ್ ಕೇಸ್ ಹಿಂದಕ್ಕೆ ಸರಿಯಿತು, ಅಲ್ಲಿಂದ ಹಿಂದಿನ ಆಕ್ಸಲ್ಲಿಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಗಿಡ್ಡವಾಯಿತು. ಜೀಪಿನ ಮುಂದಿನ, ಹಿಂದಿನ ಚಕ್ರಗಳ ನಡುವೆ ಇರುವುದೇ 80 ಇಂಚು. ಎಲ್ಲಿಂದ ಜಾಗ ತರುವುದು? ಶಾಫ್ಟಿನ ಎರಡು ತುದಿಗಳ ಎತ್ತರದ ವ್ಯತ್ಯಾಸ 12 ಸೆಂಟಿಮೀಟರ್ ಇದೆ ಅನ್ನಿ. ಶಾಫ್ಟ್ ಅಡ್ಡಕ್ಕೆ 60 ಸೆಂಟಿಮೀಟರ್ ಹೋಗುವಾಗ ಬಾಗು 11 ಡಿಗ್ರಿ. ಅದನ್ನೇ 35 ಸೆಂಟಿಮೀಟರಿಗೆ ಇಳಿಸಿದರೆ 19 ಡಿಗ್ರಿ.

ಶಾಫ್ಟಿನ ತುದಿಯಲ್ಲಿರುವ ಕ್ರಾಸ್, ಗ್ಯಾರೇಜಿನವರು ಯುಜೆ (ಯುನಿವರ್ಸಲ್ ಜಾಯಿಂಟ್) ಅನ್ನುವುದು, ಒಂದು ವಿಚಿತ್ರ ಪ್ರಾಣಿ. ಬಾಗಿಸಿ ತಿರುಗಿಸಿದರೆ ಒಂದು ಕಡೆಯಿಂದ ಒಂದೇ ಸಮ ಬಂದ ವೇಗ ಇನ್ನೊಂದು ಕಡೆಯಿಂದ ಏರಿಳಿಯುತ್ತಾ ಹೊರಬರುತ್ತದೆ. ಪ್ರತಿ ಸುತ್ತಿಗೆ ಎರಡು ಸಲ ಓಡುತ್ತದೆ, ಎರಡು ಸಲ ತಡೆಯುತ್ತದೆ. 11 ಡಿಗ್ರಿಯಲ್ಲಿ ಈ ಏರಿಳಿತ ಶೇಕಡಾ 2, 19 ಡಿಗ್ರಿಯಲ್ಲಿ ಶೇಕಡಾ 5 ದಾಟುತ್ತದೆ. ಇನ್ನೊಂದು ತುದಿಯ ಕ್ರಾಸ್ ಅಷ್ಟೇ ಬಾಗಿದ್ದರೆ, ಎರಡನ್ನೂ ಹಿಡಿದ ಕವೆಗಳು (ನೊಗಗಳು) ಒಂದೇ ನೇರದಲ್ಲಿದ್ದರೆ, ಮೊದಲನೆಯದು ಕೆಡಿಸಿದ್ದನ್ನು ಎರಡನೆಯದು ಸರಿಮಾಡುತ್ತದೆ. ಮೆಕ್ಯಾನಿಕ್ ಜೀಪಿನ ಕೆಳಗೆ ಮಲಗಿ, ಗೋಡೆಗೆ ಫೋಟೋ ನೇರ ತೂಗುಹಾಕಲು ಬಳಸುವ ಮೊಬೈಲ್ ಆ್ಯಪನ್ನು ಪಿನಿಯನ್ನಿನ ಮುಖಕ್ಕೆ ಒತ್ತಿ ಹಿಡಿದು ಡಿಗ್ರಿ ಓದಿದರು. ಈ ಕಡೆ 19, ಆ ಕಡೆ 14. ಪಟ್ಟಿ ಸ್ಪ್ರಿಂಗಿಗೂ ಆಕ್ಸಲ್ಲಿಗೂ ನಡುವೆ ಬೆಣೆಯಾಕಾರದ ತುಂಡು ಕೊಟ್ಟು ಆಕ್ಸಲ್ಲನ್ನು ತಿರುಗಿಸಿ ಎರಡನ್ನೂ ಸಮಕ್ಕೆ ತಂದರು. ನಡುಕ ಹೋಯಿತು. ಕ್ರಾಸ್ ಬೇಗ ಸವೆಯುವುದು ಮಾತ್ರ ತಪ್ಪದು, ಬಾಗು ಬಾಗೇ.

ಉಳಿದದ್ದು ಬೇಗ ಹೇಳುತ್ತೇನೆ. ಹಳೆ ಜೀಪಿನ ಪೆಟ್ರೋಲ್ ಟ್ಯಾಂಕ್ ಡ್ರೈವರ್ ಸೀಟಿನ ಕೆಳಗೆ. ಒಳಗೆಲ್ಲ ತುಕ್ಕು. ಹೊಸ ಇಂಜಿನ್ ಡೀಸೆಲ್ಲನ್ನು ನಮ್ಮ ಸುತ್ತಲಿನ ಗಾಳಿಯ ಒತ್ತಡದ ಸಾವಿರ ಪಟ್ಟಿಗೂ ಮೇಲಿನ ಒತ್ತಡದಲ್ಲಿ ಕೂದಲಿಗಿಂತ ಚಿಕ್ಕ ಅಂತರದ ಬಿಡಿಭಾಗಗಳ ಮೂಲಕ ನುಗ್ಗಿಸುತ್ತದೆ. ತುಕ್ಕಿನ ಪುಡಿ ಅಲ್ಲಿ ಮರಳು ಕಾಗದದಂತೆ. ಟ್ಯಾಂಕ್ ಹೊಸದೇ ಹಾಕಿಸಿದೆವು. ರೇಡಿಯೇಟರೂ ಹೊಸದು. ಬ್ರೇಕು ಹಳೆಯ 9 ಇಂಚಿನ ಡ್ರಮ್ಮು. ವೇಗ 40ರಿಂದ 80ಕ್ಕೆ ಹೋದರೆ ನಿಲ್ಲಿಸಬೇಕಾದ ಶಕ್ತಿ ಎರಡಲ್ಲ, ನಾಲ್ಕು ಪಟ್ಟು. ತಮ್ಮ ಇದನ್ನು ಕೊನೆಗೆ ನೋಡೋಣ ಅಂದ. ದೊಡ್ಡಪ್ಪ ಆ ಒಂದು ಸಲ ಮಾತ್ರ ದನಿ ಏರಿಸಿದರು. ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕ್ ಬಂತು.

ಕರಾವಳಿಯವರಿಗೆ ಹೆಚ್ಚಾಗಿ ಬರುವ ಕಾಯಿಲೆ ಒಂದಿದೆ, ಅರ್ತಿಂಗ್, ಅಂದರೆ ಕರೆಂಟು ಚಾಸಿಯ ಮೂಲಕ ಬ್ಯಾಟರಿಗೆ ಮರಳುವ ದಾರಿ ಕೆಡುವುದು. ಒಂದು ಮಳೆ ಸಂಜೆ ಜೀಪು ತೋಟದ ನಡುವೆ ಸೊರಗಿತು. ಆಕ್ಸಿಲರೇಟರ್ ಒತ್ತಿದರೂ ಮೇಲೇಳದು. ಹೊಸ ಇಂಜಿನ್ನಿನ ಆಕ್ಸಿಲರೇಟರಿಗೆ ಕೇಬಲ್ ಇಲ್ಲ, ಪೆಡಲ್ ಸುಮ್ಮನೆ ಕಂಪ್ಯೂಟರಿಗೆ ಅರ್ಜಿ ಹಾಕುತ್ತದೆ. ಕಂಪ್ಯೂಟರಿಗೆ ಅನುಮಾನ ಬಂದರೆ ಅರ್ಜಿ ವಜಾ. ವೈಪರ್, ಹೆಡ್‌ಲೈಟ್, ಫ್ಯಾನ್, ಕಂಪ್ಯೂಟರ್ ಎಲ್ಲದರ ಅರ್ತ್ ವೈರನ್ನೂ ಚಾಸಿಯ ಒಂದೇ ಬೋಲ್ಟಿಗೆ ಕಟ್ಟಿದ್ದೆವು. ಬೋಲ್ಟಿನ ಕೆಳಗೆ ಬಣ್ಣ, ಬಣ್ಣದ ಕೆಳಗೆ ತುಕ್ಕು. ಅಲ್ಲಿ 0.1 ಓಮ್ ಅಡ್ಡಿ ಇದ್ದರೂ ಸಾಕು, 20 ಆಂಪಿಯರ್ ಹರಿದಾಗ 2 ವೋಲ್ಟ್ ಅಲ್ಲೇ ಕಳೆದುಹೋಗುತ್ತದೆ. ಕಂಪ್ಯೂಟರಿಗೆ 12ರ ಬದಲು 10. ಎಮರಿ ಪೇಪರಿನಲ್ಲಿ ಉಜ್ಜಿ, ಬಿಳಿ ಕಬ್ಬಿಣ ಕಂಡ ಮೇಲೆ ಗ್ರೀಸ್ ಸವರಿ, ಕಂಪ್ಯೂಟರಿಗೆ ಬೇರೆಯೇ ವೈರ್ ಎಳೆದು ಬ್ಯಾಟರಿಗೆ ಕಟ್ಟಿದೆವು.

ಬಾನೆಟ್ಟನ್ನು ಕೊನೆಗೆ ಮುಕ್ಕಾಲು ಇಂಚು ಏರಿಸಿ, ಇಂಜಿನ್ ಮೌಂಟನ್ನು ಅಷ್ಟೇ ಇಳಿಸಿ ಮುಚ್ಚಿದರು. ಗೊತ್ತಿದ್ದವರಿಗೆ ಮಾತ್ರ ಕಾಣುತ್ತದೆ.

ಕಾಗದದ ಕತೆ ಉಳಿದಿದೆ. ಇದನ್ನು ಮೊದಲೇ ಕೇಳಬೇಕಿತ್ತು, ಕೇಳಲಿಲ್ಲ, ತಪ್ಪು ನಮ್ಮದೇ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ತಯಾರಕರು ಕೊಟ್ಟ ವಿವರಕ್ಕೆ ಹೊಂದದಂತೆ ಗಾಡಿಯನ್ನು ಬದಲಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಕೇರಳದ ಒಂದು ಪ್ರಕರಣದಲ್ಲಿ ಇದನ್ನೇ ಎತ್ತಿಹಿಡಿದಿದೆ. ಇಂಜಿನ್ ಬದಲಿಸಬೇಕಾದರೆ ಆರ್‌ಟಿಒ ಒಪ್ಪಿಗೆ ಮೊದಲು, ಸ್ಪ್ಯಾನರ್ ಆಮೇಲೆ. ಇನ್ನೊಂದು ಬಾಗಿಲೂ ಮುಚ್ಚಿತು. 50 ವರ್ಷ ದಾಟಿದ ಗಾಡಿಗೆ ವಿಂಟೇಜ್ ನೋಂದಣಿ ಕೊಡುವ ನಿಯಮ 2021ರಲ್ಲಿ ಬಂದಿದೆ. ಆದರೆ ಇಂಜಿನ್, ಚಾಸಿ, ಬಾಡಿ ಮೂಲದ್ದೇ ಇರಬೇಕು. ದೊಡ್ಡಪ್ಪನ ಜೀಪಿಗೆ ವಯಸ್ಸಿನ ಅರ್ಹತೆ ಇತ್ತು. ಹರಿಕೇನ್ ಈಗ ಕೊಟ್ಟಿಗೆಯ ಮೂಲೆಯಲ್ಲಿ ಗೋಣಿ ಹೊದ್ದು ಕೂತಿದೆ.

ತಮ್ಮ ಅರ್ಜಿ ಹಿಡಿದು ಓಡಾಡುತ್ತಿದ್ದಾನೆ. ಅಲ್ಲಿಯವರೆಗೆ ಜೀಪು ಗೇಟು ದಾಟುವಂತಿಲ್ಲ. ತೋಟದಿಂದ ಅಂಗಳಕ್ಕೆ ಅಡಿಕೆ ಗೊನೆ ಹೊರುತ್ತದೆ, ಲೋ ಗೇರಿನಲ್ಲಿ, ಗಂಟೆಗೆ 2 ಕಿಲೋಮೀಟರ್ ವೇಗದಲ್ಲಿ. ಐದನೇ ಗೇರ್ ಇನ್ನೂ ಒಮ್ಮೆಯೂ ಹಾಕಿಲ್ಲ.