ಕಳೆದುಹೋಗುವ ಮೊದಲ ಪ್ಯಾಕೆಟ್

ನನ್ನ ಲ್ಯಾಪ್‌ಟಾಪ್‌ನ ವಿಳಾಸ 192.168.1.5. ಬೇರೆ ಊರಲ್ಲಿರುವ ತಮ್ಮನ ಲ್ಯಾಪ್‌ಟಾಪಿಗೂ ಅದೇ ವಿಳಾಸ ಇರಬಹುದು. ಇದು ಮನೆಯೊಳಗೆ ಮಾತ್ರ ನಡೆಯುವ ವಿಳಾಸ, ಹೊರಗಿನ ಇಂಟರ್ನೆಟ್ಟಿಗೆ ಇದರ ಗುರುತೇ ಇಲ್ಲ. ಹಾಗಿದ್ದೂ ನಾವಿಬ್ಬರು ವಿಡಿಯೋ ಕಾಲ್ ಮಾಡಿದಾಗ ಎಷ್ಟೋ ಸಲ ಚಿತ್ರ, ದನಿ ಎರಡೂ ನಡುವೆ ಯಾವ ಸರ್ವರ್‌ಗೂ ಹೋಗದೆ ನೇರ ಓಡಾಡುತ್ತವೆ. ಹೇಗೆ?

ಐಪಿವಿ4 ಎಂಬ ಹಳೆಯ ವಿಳಾಸ ಪದ್ಧತಿಯಲ್ಲಿ ಇರುವುದೇ ಸುಮಾರು 430 ಕೋಟಿ ವಿಳಾಸ. ಸಾಲುವುದಿಲ್ಲ ಅಂತ 1994ರಲ್ಲೇ ನ್ಯಾಟ್ ಎಂಬ ಉಪಾಯ ಬಂತು. ಈಗ ಮನೆಗೆಲ್ಲ ಸೇರಿ ಹೊರಗೆ ಒಂದೇ ವಿಳಾಸ. ಮಾಹಿತಿ ಓಡಾಡುವುದು ಪ್ಯಾಕೆಟ್ ಎಂಬ ಪುಟ್ಟ ತುಂಡುಗಳಾಗಿ; ಯಾರ ಪ್ಯಾಕೆಟ್ ಯಾರಿಗೆ ಅನ್ನುವ ಲೆಕ್ಕ ರೂಟರ್‌ನದು. ಒಳಗಿಂದ ಯಾವುದಾದರೂ ಪ್ಯಾಕೆಟ್ ಹೊರಟರೆ ಅದು ತನ್ನ ಪಟ್ಟಿಯಲ್ಲಿ ಒಂದು ಸಾಲು ಬರೆದುಕೊಳ್ಳುತ್ತದೆ: ಇಂಥವರಿಂದ 40112ನೇ ಪೋರ್ಟಿಗೆ (ವಿಳಾಸದ ಜೊತೆಗಿರುವ ಉಪಸಂಖ್ಯೆಗೆ) ಉತ್ತರ ಬಂದರೆ 192.168.1.5ಕ್ಕೆ ಕೊಡಬೇಕು. ಪಟ್ಟಿಯಲ್ಲಿ ಇಲ್ಲದ್ದು ಬಂದರೆ ಸುಮ್ನೆ ಬಿಸಾಕುತ್ತದೆ. ತಮ್ಮನ ರೂಟರ್ ಮಾಡುವುದೂ ಇದನ್ನೇ. ಯಾರು ಮೊದಲು ಕರೆದರೂ ಆಚೆ ಬಾಗಿಲು ಹಾಕಿರುತ್ತದೆ, ಅಲ್ವಾ?

ಅದಕ್ಕೇ ಇಬ್ಬರೂ ಮೊದಲು ಸ್ಟನ್ ಎಂಬ ಸರ್ವರನ್ನು ಮಾತಾಡಿಸುತ್ತಾರೆ. 'ನೀನು ನನಗೆ ಈ ವಿಳಾಸ, ಈ ಪೋರ್ಟಿನಿಂದ ಕಾಣುತ್ತಿದ್ದೀಯ' ಎಂದಷ್ಟೇ ಅದು ಹೇಳುತ್ತದೆ. ಆ ವಿವರವನ್ನು ಆ್ಯಪ್‌ನ ಸರ್ವರ್ ಇವರಿಂದ ಅವರಿಗೆ, ಅವರಿಂದ ಇವರಿಗೆ ಮುಟ್ಟಿಸುತ್ತದೆ. ಆಮೇಲೆ ಇಬ್ಬರೂ ಹೆಚ್ಚುಕಡಿಮೆ ಒಟ್ಟಿಗೇ ಪ್ಯಾಕೆಟ್ ಕಳಿಸುತ್ತಾರೆ.

ನನ್ನದು ಒಂದು ಕ್ಷಣ ಮೊದಲು ಹೊರಟಿತು ಅನ್ನಿ. ತಮ್ಮನ ರೂಟರ್ ಮುಟ್ಟುವಾಗ ಅಲ್ಲಿ ಅದಕ್ಕೆ ಸಾಲಿಲ್ಲ, ಕಸಕ್ಕೆ ಹೋಯಿತು. ಆದರೆ ಹೊರಡುವಾಗಲೇ ಅದು ನನ್ನ ರೂಟರ್‌ನಲ್ಲಿ ತಮ್ಮನ ಹೆಸರಿಗೆ ಒಂದು ಸಾಲು ಬರೆಸಿಬಿಟ್ಟಿದೆ! ಈಗ ತಮ್ಮನ ಪ್ಯಾಕೆಟ್ ಬಂದರೆ ನನ್ನ ರೂಟರ್ ಅದನ್ನು ಉತ್ತರ ಅಂತಲೇ ತಿಳಿದು ಒಳಗೆ ಬಿಡುತ್ತದೆ. ಅವನ ಕಡೆಯೂ ಅಷ್ಟೇ. ಇದಕ್ಕೆ ಹೋಲ್ ಪಂಚಿಂಗ್, ಅಂದರೆ ತೂತು ಕೊರೆಯುವುದು, ಅಂತ ಹೆಸರು. ನನಗೆ ಆ ಹೆಸರು ಒಪ್ಪಿಗೆಯಿಲ್ಲ. ಇಲ್ಲಿ ಯಾರೂ ಗೋಡೆ ಒಡೆಯುವುದಿಲ್ಲ, ಎರಡೂ ರೂಟರ್‌ಗಳು ತಮ್ಮ ನಿಯಮವನ್ನೇ ಪಾಲಿಸುತ್ತವೆ. ಕೆಲಸ ಮಾಡಿಕೊಟ್ಟದ್ದು ಗುರಿ ಮುಟ್ಟದೇ ಹೋದ ಆ ಪ್ಯಾಕೆಟ್.

2005ರಲ್ಲಿ ಬ್ರಯಾನ್ ಫೋರ್ಡ್, ಪೈಡಾ ಶ್ರೀಸುರೇಶ್, ಡ್ಯಾನ್ ಕೆಗೆಲ್ ಪ್ರಕಟಿಸಿದ ಪ್ರಬಂಧದ ಪ್ರಕಾರ, ಪರೀಕ್ಷಿಸಿದ ನ್ಯಾಟ್‌ಗಳಲ್ಲಿ ಸುಮಾರು 82% ಯುಡಿಪಿಯಲ್ಲಿ ಇದಕ್ಕೆ ಒಗ್ಗಿದವು, ಟಿಸಿಪಿಯಲ್ಲಿ 64% (ಇವೆರಡೂ ಪ್ಯಾಕೆಟ್ ಕಳಿಸುವ ವಿಧಾನಗಳು). ಒಗ್ಗದವುಗಳಲ್ಲಿ ಎದ್ದು ಕಾಣುವುದು ಸಿಮೆಟ್ರಿಕ್ ನ್ಯಾಟ್. ಅದು ಪ್ರತಿ ಗುರಿಗೂ ಹೊಸ ಪೋರ್ಟ್ ಕೊಡುತ್ತದೆ. ಹಾಗಾಗಿ ಸ್ಟನ್ ಹೇಳಿದ ನಂಬರ್ ತಮ್ಮನಿಗೆ ಪ್ರಯೋಜನಕ್ಕೆ ಬರುವುದಿಲ್ಲ. ಆಗ ಟರ್ನ್ ಸರ್ವರ್ ನಡುವೆ ನಿಂತು ಎಲ್ಲವನ್ನೂ ದಾಟಿಸಬೇಕು. ಖರ್ಚು ಜಾಸ್ತಿ, ದಾರಿಯೂ ಉದ್ದ.

ಐಪಿವಿ6 ಎಂಬ ಹೊಸ ಪದ್ಧತಿಯಲ್ಲಿ ವಿಳಾಸಕ್ಕೆ ಬರವಿಲ್ಲ. ಆದರೂ ಕೇಳದೆ ಬಂದದ್ದನ್ನು ಫೈರ್‌ವಾಲ್ ಎಂಬ ಕಾವಲು ವ್ಯವಸ್ಥೆ ತಡೆಯುವುದರಿಂದ ಅಲ್ಲೂ ಇಬ್ಬರೂ ಹೀಗೇ ಒಳಗಿನಿಂದ ಶುರು ಮಾಡಬೇಕಾಗುತ್ತದೆ.

ಬರೆಸಿದ ಸಾಲು ಬಹಳ ಹೊತ್ತು ಉಳಿಯುವುದೂ ಇಲ್ಲ. ಸದ್ದಿಲ್ಲದಿದ್ದರೆ ಕೆಲವು ರೂಟರ್‌ಗಳು ಅರ್ಧ ನಿಮಿಷಕ್ಕೇ ಅಳಿಸಿಬಿಡುತ್ತವೆ. ಅದಕ್ಕೇ ನಾವು ಮೈಕು, ಕ್ಯಾಮೆರಾ ಎರಡನ್ನೂ ಬಂದ್ ಮಾಡಿ ಕೂತಾಗಲೂ, ಸುಮಾರು 15 ಸೆಕೆಂಡಿಗೊಮ್ಮೆ ಒಂದು ಪುಟ್ಟ ಪ್ಯಾಕೆಟ್ ಇಲ್ಲಿಂದ ಅಲ್ಲಿಗೆ ಹೋಗುತ್ತಲೇ ಇರುತ್ತದೆ.