ಚುನಾವಣೆ ಮುಂದೆ ಹೋಗುವುದು ಹೇಗೆ?

ಪ್ರಜಾಪ್ರಭುತ್ವದ ಹಿಂಜರಿತ ಎಂದರೆ ನಮಗೆ ಥಟ್ಟನೆ ನೆನಪಾಗುವುದು 1975ರ ತುರ್ತುಪರಿಸ್ಥಿತಿ. ಅದಕ್ಕೊಂದು ತಾರೀಖಿತ್ತು, ಜೂನ್ 25. ಈಗಿನ ಹಿಂಜರಿತಕ್ಕೆ ತಾರೀಖು ಹುಡುಕುವುದು ಕಷ್ಟ. ಸೇನಾದಂಗೆ, ಮತಪೆಟ್ಟಿಗೆ ವಂಚನೆಗಳು ಕಡಿಮೆಯಾಗಿ, ಕಾನೂನು ತಿದ್ದಿಯೇ ಅಧಿಕಾರ ಒಂದೆಡೆ ಸೇರಿಸುವ ದಾರಿ ಹೆಚ್ಚುತ್ತಿದೆ ಎಂದು ರಾಜ್ಯಶಾಸ್ತ್ರಜ್ಞೆ ನ್ಯಾನ್ಸಿ ಬರ್ಮಿಯೊ 2016ರಲ್ಲೇ ಬರೆದಿದ್ದರು.

ಎಷ್ಟು ಹಿಂಜರಿದಿದ್ದೇವೆ ಎಂಬ ಅಳತೆಯಲ್ಲೇ ತಕರಾರಿದೆ. ತಜ್ಞರ ಅಭಿಪ್ರಾಯ ಕೇಳಿ ದೇಶಗಳ ಪ್ರಜಾಪ್ರಭುತ್ವ ಅಳೆಯುವ ಸ್ವೀಡನ್ನಿನ ವಿ-ಡೆಮ್ ಸಂಸ್ಥೆ 2021ರಲ್ಲಿ ಭಾರತವನ್ನು ‘ಚುನಾವಣಾ ನಿರಂಕುಶಪ್ರಭುತ್ವ’ ಎಂದು ವರ್ಗೀಕರಿಸಿತು. ಕೇಂದ್ರ ಸರ್ಕಾರ ಒಪ್ಪಲಿಲ್ಲ. ತಜ್ಞರ ಅಭಿಪ್ರಾಯವನ್ನೇ ಅಂಕವಾಗಿಸಿದರೆ ಅವರ ಆತಂಕವೂ ಅಂಕದೊಳಗೆ ಸೇರಬಹುದು ಎಂಬ ಆಕ್ಷೇಪ ಸಂಶೋಧಕರಲ್ಲೂ ಇದೆ. ಆದರೆ ಖಾಲಿ ಕುರ್ಚಿ ಎಣಿಸಲು ತಜ್ಞರೇನೂ ಬೇಡ.

ಕಾರವಾರದಲ್ಲಿರುವ ಉತ್ತರ ಕನ್ನಡ ಜಿಲ್ಲಾ ಪಂಚಾಯತಿಗೆ 2016ರಲ್ಲಿ ಆಯ್ಕೆಯಾದವರ ಅವಧಿ, ರಾಜ್ಯದ ಇತರ ಜಿಲ್ಲೆಗಳಂತೆ, 2021ಕ್ಕೆ ಮುಗಿಯಿತು. ಸಂವಿಧಾನದ 243ಇ ವಿಧಿಯ ಪ್ರಕಾರ ಅವಧಿ ಐದೇ ವರ್ಷ; ಅದು ತೀರುವ ಮೊದಲೇ ಚುನಾವಣೆ ಮುಗಿದಿರಬೇಕು. ನಾಲ್ಕು ವರ್ಷ ದಾಟಿದರೂ ಆಗಲಿಲ್ಲ. ನಡುವೆ ರಾಜ್ಯದಲ್ಲಿ ಆಳುವ ಪಕ್ಷ ಬದಲಾಯಿತು, ಚುನಾಯಿತರ ಜಾಗಕ್ಕೆ ಬಂದ ಆಡಳಿತಾಧಿಕಾರಿಯ ಆಳ್ವಿಕೆ ಬದಲಾಗಲಿಲ್ಲ.

ಚುನಾವಣೆಗೆ ಮೂರು ಪಟ್ಟಿ ಸಿದ್ಧವಿರಬೇಕು: ಕ್ಷೇತ್ರದ ಗಡಿ, ಮೀಸಲಾತಿ, ಮತದಾರರು. ರಾಜ್ಯದ ಪಂಚಾಯತ್ ರಾಜ್ ಕಾಯ್ದೆಗೆ 2021ರಲ್ಲಾದ ತಿದ್ದುಪಡಿಯಿಂದ ಗಡಿ ಗುರುತಿಸುವ ಕೆಲಸ ರಾಜ್ಯ ಚುನಾವಣಾ ಆಯೋಗದ ಕೈಬಿಟ್ಟು ಬೇರೊಂದು ಆಯೋಗಕ್ಕೆ ಹೋಯಿತು. ಹಿಂದುಳಿದ ವರ್ಗಗಳ ಮೀಸಲಾತಿಗೆ ಪ್ರತ್ಯೇಕ ಆಯೋಗದ ಅಧ್ಯಯನ ಬೇಕು, ಒಟ್ಟು ಮೀಸಲಾತಿ ಶೇ 50 ಮೀರಬಾರದು ಎಂದು ಸುಪ್ರೀಂ ಕೋರ್ಟ್ ಅದೇ ವರ್ಷ ಹೇಳಿತು. ಗಡಿ ಸರಿದರೆ ಮೀಸಲಾತಿಯ ಲೆಕ್ಕ ಮತ್ತೆ ಮೊದಲಿನಿಂದ. ಪ್ರತಿ ಸುತ್ತಿಗೂ ಆಕ್ಷೇಪಣೆ, ರಿಟ್ ಅರ್ಜಿ, ವಾಯಿದೆ. ಗಡಿ ಗುರುತು, ಮೀಸಲಾತಿ ಅಧ್ಯಯನಗಳಿಗಾಗಿ ಚುನಾವಣೆ ಕಾಯಬಾರದು ಎಂದು 2022ರಲ್ಲಿ ಮಧ್ಯಪ್ರದೇಶದ ಪ್ರಕರಣದಲ್ಲಿ ಅದೇ ನ್ಯಾಯಾಲಯ ಹೇಳಿದೆ. ಹಾಗಿದ್ದೂ ವಿಳಂಬಕ್ಕೆ ದಂಡವಿಲ್ಲ. ನನ್ನ ದೃಷ್ಟಿಯಲ್ಲಿ ಲೋಪ ಇರುವುದು ಇಲ್ಲೇ.

ನಷ್ಟ ಕಣ್ಣಿಗೆ ಬೀಳುವುದು ನಿಧಾನ. ಜೋಯಿಡಾದ ಕಾಲುಸಂಕ ಮಳೆಗೆ ಕೊಚ್ಚಿಹೋದರೆ ಸದಸ್ಯ ಸಾಮಾನ್ಯ ಸಭೆಯಲ್ಲಿ ಎಂಜಿನಿಯರರನ್ನು ಎಬ್ಬಿಸಿ ಕೇಳಬಹುದಿತ್ತು, ಉತ್ತರ ನಡವಳಿಯಲ್ಲಿ ದಾಖಲಾಗುತ್ತಿತ್ತು. ಈಗ ಅರ್ಜಿ ಟಪಾಲಿಗೆ ಹೋಗುತ್ತದೆ, ಅಷ್ಟೆ. ಜಿಲ್ಲಾ ಯೋಜನಾ ಸಮಿತಿಯ ಐದರಲ್ಲಿ ನಾಲ್ಕು ಪಾಲು ಸದಸ್ಯರನ್ನು ಜಿಲ್ಲಾ ಪಂಚಾಯತಿ ಮತ್ತು ನಗರಸಭೆ-ಪುರಸಭೆಗಳ ಚುನಾಯಿತರೇ ತಮ್ಮೊಳಗಿಂದ ಆರಿಸಬೇಕು. ಹಳ್ಳಿಯ ಕಡೆಯವರೇ ಇಲ್ಲದಾದರು. 2021ರ ಡಿಸೆಂಬರಿನಲ್ಲಿ ಸ್ಥಳೀಯ ಸಂಸ್ಥೆಗಳಿಂದ ವಿಧಾನ ಪರಿಷತ್ತಿಗೆ ನಡೆದ ಚುನಾವಣೆಯಲ್ಲೂ ಜಿಲ್ಲಾ, ತಾಲ್ಲೂಕು ಪಂಚಾಯತಿಗಳ ಮತ ಬೀಳಲಿಲ್ಲ.

ಅವಧಿಯನ್ನು ಎಣಿಸುವುದು ಫಲಿತಾಂಶದ ದಿನದಿಂದಲ್ಲ, ಮೊದಲ ಸಭೆಗೆ ನಿಗದಿಯಾದ ದಿನದಿಂದ. ಶಿರಸಿಯಲ್ಲಾಗಲಿ ಅಂಕೋಲೆಯಲ್ಲಾಗಲಿ, ನಿಮ್ಮ ಪಂಚಾಯತಿಯ ಆ ತಾರೀಖನ್ನು ಮಾಹಿತಿ ಹಕ್ಕಿನಡಿ ಕೇಳಿ ಪಡೆಯಬಹುದು. ಅವಧಿ ತೀರಲು ಆರು ತಿಂಗಳಿರುವಾಗಲೇ ಮೂರು ಪಟ್ಟಿಗಳ ಪೈಕಿ ಯಾವುದು ಯಾರ ಮೇಜಿನಲ್ಲಿ ನಿಂತಿದೆ ಎಂದು ಲಿಖಿತವಾಗಿ ಕೇಳಿ. ಅವಧಿ ಮುಗಿದ ಮೇಲೆ ಕೇಳಿದರೆ ‘ಪ್ರಕರಣ ನ್ಯಾಯಾಲಯದಲ್ಲಿದೆ’ ಎಂಬ ಒಂದೇ ಸಾಲಿನ ಉತ್ತರ ಬರುವ ಸಂಭವ ಹೆಚ್ಚು.